ವೈಬಿಸಿಒ ತೆಳುಪೊರೆಗೆ ಕಾಂತಕ್ಷೇತ್ರ: 0.3 ಟೆಸ್ಲಾ ಕಾಯಿಲ್, ಪ್ರೋಬ್ ಮತ್ತು ರೋಧದ ಬಾಲ

ಕಟ್ಟಬೇಕಾದದ್ದು ಇಷ್ಟು: 200 ನ್ಯಾನೊಮೀಟರ್ ದಪ್ಪದ ಇಟ್ರಿಯಮ್ ಬೇರಿಯಮ್ ಕಾಪರ್ ಆಕ್ಸೈಡ್ (ವೈಬಿಸಿಒ, ತಣಿಸಿದಾಗ ರೋಧವಿಲ್ಲದೆ ಕರೆಂಟ್ ಹರಿಸುವ ಅತಿವಾಹಕ) ಪೊರೆಯ ರೋಧವನ್ನು 77ರಿಂದ 100 ಕೆಲ್ವಿನ್‌ವರೆಗೆ, ಸೊನ್ನೆಯಿಂದ 0.3 ಟೆಸ್ಲಾವರೆಗಿನ ಕ್ಷೇತ್ರದಲ್ಲಿ ಅಳೆಯುವ ಸಲಕರಣೆ. ಅದರಲ್ಲೇ, ದ್ರವ ಸಾರಜನಕದಲ್ಲಿ ಮುಳುಗಿಸಿ, ಕ್ರಿಟಿಕಲ್ ಕರೆಂಟನ್ನೂ, ಅಂದರೆ ರೋಧ ಹುಟ್ಟದೆ ಪೊರೆ ಹೊರಬಲ್ಲ ಗರಿಷ್ಠ ಕರೆಂಟನ್ನೂ, ಅಳೆಯಬೇಕು. ದ್ರವ ಹೀಲಿಯಮ್ ಬೇಡ, ಅತಿವಾಹಕ ಮ್ಯಾಗ್ನೆಟ್ ಬೇಡ. ತಾಮ್ರದ ತಂತಿಯ ಕಾಯಿಲನ್ನೇ ಸಾರಜನಕದಲ್ಲಿ ಮುಳುಗಿಸಿದರೆ ಕೆಲಸ ಆಗುತ್ತದೆ.

ನೂರು ಟೆಸ್ಲಾಗೂ ಜಗ್ಗದ ವಸ್ತುವಿಗೆ 0.3 ಟೆಸ್ಲಾ ಯಾವ ಲೆಕ್ಕ ಎಂದು ಕೇಳಬಹುದು. ಪೊರೆಗೆ ಲಂಬವಾದ ಕ್ಷೇತ್ರದಲ್ಲಿ ವೈಬಿಸಿಒದ ಮೇಲಿನ ಕ್ರಿಟಿಕಲ್ ಕ್ಷೇತ್ರ (ಅತಿವಾಹಕತೆಯನ್ನು ಪೂರ್ತಿ ಅಳಿಸುವ ಕ್ಷೇತ್ರ) ಸಂಕ್ರಮಣ ತಾಪದ (ಅತಿವಾಹಕತೆ ಶುರುವಾಗುವ ತಾಪದ) ಬಳಿ, ತಾಪ ಇಳಿದಂತೆ, ಒಂದು ಕೆಲ್ವಿನ್‌ಗೆ ಸುಮಾರು 2 ಟೆಸ್ಲಾದಂತೆ ಏರುತ್ತದೆ. ಆ ಲೆಕ್ಕದಲ್ಲಿ 0.3 ಟೆಸ್ಲಾ ಸಂಕ್ರಮಣವನ್ನು ಕೆಳಗೆ ತಳ್ಳುವುದು ಬರೀ 0.15 ಕೆಲ್ವಿನ್. ಆದರೆ ರೋಧ ನಿಜವಾಗಿ ಸೊನ್ನೆ ಮುಟ್ಟುವ ತಾಪ ಸುಮಾರು 2 ಕೆಲ್ವಿನ್ ಕೆಳಗಿಳಿಯುತ್ತದೆ. ತಾಪಕ್ಕೆ ಎದುರಾಗಿ ಹಾಕಿದ ರೋಧದ ರೇಖೆಯ ನೆತ್ತಿ ಅಲ್ಲೇ ನಿಂತಿರುತ್ತದೆ, ಬಾಲ ಮಾತ್ರ ಎಡಕ್ಕೆ ಹರಡುತ್ತದೆ. ಕ್ಷೇತ್ರ ಅತಿವಾಹಕತೆಯನ್ನು ಕೊಂದಿರುವುದಿಲ್ಲ, ಸುಳಿಗಳನ್ನು (ಕ್ಷೇತ್ರ ಪೊರೆಯೊಳಗೆ ನುಗ್ಗುವ ಎಳೆಗಳು, ಸುತ್ತ ಕರೆಂಟ್ ಸುತ್ತುವಂಥವು) ಸಡಿಲಿಸಿರುತ್ತದೆ ಅಷ್ಟೆ. ಈ ಸಲಕರಣೆ ಅಳೆಯಬೇಕಾದದ್ದು ಆ ಬಾಲವನ್ನು. ಸಲಕರಣೆಯಲ್ಲಿನ ಹೆಚ್ಚುಕಡಿಮೆ ಪ್ರತಿ ದೋಷವೂ ಅಂಥದ್ದೇ ಬಾಲವನ್ನು ತಾನೂ ಬರೆಯಬಲ್ಲದು, ತೊಡಕಿರುವುದು ಅಲ್ಲಿ.

ಒಂದೊಂದು ಸುಳಿಯಲ್ಲೂ ಇರುವ ಕಾಂತಪ್ರವಾಹ 2.07×10⁻¹⁵ ವೆಬರ್. 0.3 ಟೆಸ್ಲಾದಲ್ಲಿ ಸುಳಿಯಿಂದ ಸುಳಿಗೆ ಸುಮಾರು 89 ನ್ಯಾನೊಮೀಟರ್ ಅಂತರ. ಕೆಳಗೆ ವಿವರಿಸುವ 20 ಮೈಕ್ರಾನ್ ಅಗಲ, 500 ಮೈಕ್ರಾನ್ ಉದ್ದದ ಪಟ್ಟಿಯಲ್ಲಿ 14 ಲಕ್ಷಕ್ಕೂ ಮಿಕ್ಕಿ ಸುಳಿಗಳಿರುತ್ತವೆ. ಕರೆಂಟ್ ಹರಿದಾಗ ಅವನ್ನು ಅಡ್ಡಕ್ಕೆ ತಳ್ಳುವ ಲೊರೆಂಟ್ಸ್ ಬಲ ಹುಟ್ಟುತ್ತದೆ. ಪೊರೆಯ ಕುಂದುಗಳು ಗೂಟಗಳಂತೆ ಅವನ್ನು ಹಿಡಿದಿಡುತ್ತವೆ, ಇದನ್ನೇ ಪಿನ್ನಿಂಗ್ ಎನ್ನುವುದು. ಗೂಟ ಕಿತ್ತು ಸುಳಿ ಸರಿದರೆ ವೋಲ್ಟೇಜ್ ಹುಟ್ಟುತ್ತದೆ, ಅದೇ ರೋಧವಾಗಿ ಕಾಣುತ್ತದೆ.

ಕಾಯಿಲ್

ಬಾಬಿನ್‌ಗೆ ಜಿ-10 ಗಾಜುನಾರಿನ ಹಲಗೆ ಮತ್ತು ಕೊಳವೆ. ಒಳರಂಧ್ರಕ್ಕೆ 20 ಮಿ.ಮೀ. ವ್ಯಾಸ, ಸುರುಳಿಗೆ 60 ಮಿ.ಮೀ. ಉದ್ದ ಮತ್ತು 60 ಮಿ.ಮೀ. ಹೊರವ್ಯಾಸ. ಅಕ್ರಿಲಿಕ್ ಮೊದಲ ಮುಳುಗಿಗೇ ಸೀಳುತ್ತದೆ. ಅಲ್ಯೂಮಿನಿಯಮ್ ಬಾಬಿನ್‌ನಲ್ಲಿ ಕ್ಷೇತ್ರ ಬದಲಾದಾಗಲೆಲ್ಲ ಎಡ್ಡಿ ಕರೆಂಟ್ ಸುತ್ತುತ್ತದೆ. ತಂತಿ 1 ಮಿ.ಮೀ. ಎನಾಮೆಲ್ ತಾಮ್ರ: ಪದರಕ್ಕೆ 54 ಸುತ್ತಿನಂತೆ 17 ಪದರ, ಒಟ್ಟು 918 ಸುತ್ತು. ಸುಮಾರು 115 ಮೀಟರ್ ಹಿಡಿಯುತ್ತದೆ, ಒಂದು ಕಿಲೋ ತಂತಿ ತಂದರೆ ಮಿಗುತ್ತದೆ. ನಾಲ್ಕು ಪದರಕ್ಕೊಮ್ಮೆ ತೆಳು ಗಾಜುಬಟ್ಟೆಯ ಪಟ್ಟಿಗಳನ್ನು ನಡುವೆ ಸಂದು ಬಿಟ್ಟು ಇಡಬೇಕು, ಸಾರಜನಕ ಒಳಪದರಗಳಿಗೆ ಹೋಗುವ ದಾರಿ ಅದೊಂದೇ. ಗಟ್ಟಿಯಾಗಲೆಂದು ಎಪಾಕ್ಸಿ ಸುರಿಯುವ ಚಪಲ ಬೇಡ. ಅದು ಬಿರುಕು ಬಿಡುತ್ತದೆ, ಬಿಡದಿದ್ದರೆ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಒಳಗೇ ಹಿಡಿಯುತ್ತದೆ.

ಲೆಕ್ಕದ ಪ್ರಕಾರ ನಡುವಿನಲ್ಲಿ ಒಂದು ಆಂಪಿಯರ್‌ಗೆ 16 ಮಿಲಿಟೆಸ್ಲಾ. ಕೋಣೆಯ ತಾಪದಲ್ಲಿ 1 ಆಂಪಿಯರ್ ಬಿಟ್ಟು ಹಾಲ್ ಪ್ರೋಬಿನಿಂದ (ಕಾಂತಕ್ಷೇತ್ರ ಅಳೆಯುವ ಕಡ್ಡಿ) ಅಳೆದು ನೋಡಿ. ಕ್ಷೇತ್ರ ಐದಾರು ಶೇಕಡಾಕ್ಕಿಂತ ಹೆಚ್ಚು ತಗ್ಗಿ ಬಂದರೆ ಎಣಿಕೆ ತಪ್ಪಿರಬೇಕು ಅಥವಾ ಪದರಗಳ ನಡುವೆ ಎಲ್ಲೋ ಎನಾಮೆಲ್ ಸುಲಿದು ಶಾರ್ಟ್ ಆಗಿರಬೇಕು. ಇದೇ ಹಂತದಲ್ಲಿ ಹಾಲ್ ಪ್ರೋಬನ್ನು ಅಕ್ಷದಗುಂಟ ಸರಿಸಿ ಕ್ಷೇತ್ರ ಗರಿಷ್ಠವಿರುವ ಜಾಗದ ಆಳವನ್ನು ಗುರುತು ಹಾಕಿಕೊಳ್ಳಿ, ಪೊರೆ ಕೂರಬೇಕಾದದ್ದು ಅಲ್ಲಿ.

ಕಾಯಿಲಿನ ರೋಧ ಕೋಣೆಯಲ್ಲಿ 2.5 ಓಮ್, 77 ಕೆಲ್ವಿನ್‌ನಲ್ಲಿ ಅದರ ಎಂಟನೇ ಒಂದು ಭಾಗದ ಹತ್ತಿರ, ಅಂದರೆ 0.32 ಓಮ್. 20 ಆಂಪಿಯರ್‌ಗೆ 6.4 ವೋಲ್ಟ್, 128 ವ್ಯಾಟ್, 0.32 ಟೆಸ್ಲಾ. ಅದೇ 20 ಆಂಪಿಯರನ್ನು ಒಣ ಕಾಯಿಲಿಗೆ ಬಿಟ್ಟರೆ ಒಂದು ಕಿಲೋವ್ಯಾಟ್, ಎನಾಮೆಲ್ ಸುಟ್ಟ ವಾಸನೆ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಮುಳುಗಿಸದೆ 2 ಆಂಪಿಯರ್ ದಾಟಬಾರದು. ಪವರ್ ಸಪ್ಲೈ 20 ಆಂಪಿಯರ್ ಸ್ಥಿರ ಕರೆಂಟ್ ಮೋಡಿನಲ್ಲಿ ಕೆಲಸ ಮಾಡುವಂಥದ್ದಿರಲಿ, ಅದರ ವೋಲ್ಟೇಜ್ ಮಿತಿಯನ್ನು 8 ವೋಲ್ಟ್‌ಗೆ ಇಡಿ. ಸಾರಜನಕದ ಮಟ್ಟ ಇಳಿದು ಕಾಯಿಲಿನ ತಲೆ ಬರಿದಾದರೆ ರೋಧ ಏರುತ್ತದೆ, ಮಿತಿ ತಾಗಿ ಕರೆಂಟ್ ತಾನೇ ಇಳಿಯುತ್ತದೆ. ಕಾಯಿಲಿನ ವೋಲ್ಟೇಜೇ ಅದರ ಥರ್ಮಾಮೀಟರ್ ಕೂಡ ಹೌದು: ಅದೇ ಕರೆಂಟಿಗೆ 6.4 ಇದ್ದದ್ದು 6.8 ಆಗುತ್ತಿದ್ದರೆ ಒಳಪದರಗಳು ಕಾಯುತ್ತಿವೆ.

ಸಾರಜನಕದ ಖರ್ಚು: ಒಂದು ಲೀಟರ್ ಆವಿಯಾಗಲು ಸುಮಾರು 161 ಕಿಲೋಜೂಲ್ ಬೇಕು. ಹಾಗಾಗಿ 128 ವ್ಯಾಟ್‌ಗೆ ಗಂಟೆಗೆ 2.9 ಲೀಟರ್, 10 ಆಂಪಿಯರ್‌ನಲ್ಲಿ 0.7 ಲೀಟರ್. ಕಾಯಿಲನ್ನು ಮೊದಲು ತಣಿಸಲು ಅರ್ಧ ಲೀಟರಿನ ಹತ್ತಿರ ಹೋಗುತ್ತದೆ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ, ಕಿಟಕಿ ಬಾಗಿಲು ತೆರೆದಿರಲಿ.

ಕಾಯಿಲ್ ಬಿಟ್ಟು ನಿಯೋಡಿಮಿಯಮ್ ಅಯಸ್ಕಾಂತಗಳನ್ನೇ ಡ್ಯೂವರಿನೊಳಗೆ (ಸಾರಜನಕದ ಥರ್ಮಸ್ ಪಾತ್ರೆ) ಇಟ್ಟರೆ ಸುಲಭವಲ್ಲವೇ? ಸುಲಭವೇನೋ ಹೌದು. ಆದರೆ ಸುಮಾರು 135 ಕೆಲ್ವಿನ್ ಕೆಳಗೆ ಆ ವಸ್ತುವಿನ ಕಾಂತೀಕರಣದ ಸುಲಭ ದಿಕ್ಕು ಅಕ್ಷದಿಂದ ಓರೆಯಾಗಿ ತಿರುಗುತ್ತದೆ. ಕೋಣೆಯಲ್ಲಿ ಅಳೆದ ಕ್ಷೇತ್ರ 77ರಲ್ಲಿ ಇರುವುದಿಲ್ಲ. ಶಾಶ್ವತ ಅಯಸ್ಕಾಂತವೇ ಬೇಕೆಂದರೆ ಸಮೇರಿಯಮ್ ಕೋಬಾಲ್ಟ್ ಹಾಕಿ. ಕ್ಷೇತ್ರವನ್ನು ಸೊನ್ನೆಗೆ ಇಳಿಸಲಾಗದ ಕಷ್ಟ ಆಗಲೂ ಉಳಿಯುತ್ತದೆ.

ಒಳಕೊಳವೆ ಮತ್ತು ತಾಮ್ರದ ಗಟ್ಟಿ

ಕಾಯಿಲಿನ ರಂಧ್ರದೊಳಗೆ ಇಳಿಯುವ ಕೊಳವೆ, ಗಟ್ಟಿ, ತಂತಿಗಳು ಸೇರಿದ್ದೇ ಪ್ರೋಬ್. ಕೊಳವೆ 16 ಮಿ.ಮೀ. ಹೊರವ್ಯಾಸ, 14 ಒಳವ್ಯಾಸ, ಕೆಳತುದಿ ಮುಚ್ಚಿದ್ದು. ಸ್ಟೀಲ್ ಆದರೆ 316ಎಲ್. 304 ಸ್ಟೀಲ್ ಬಾಗಿಸಿದ ಕಡೆ, ಬೆಸೆದ ಕಡೆ ಸ್ವಲ್ಪ ಕಾಂತೀಯವಾಗುತ್ತದೆ. ಒಳಗೆ ತಾಮ್ರದ ಗಟ್ಟಿ, 10 ಮಿ.ಮೀ. ವ್ಯಾಸ, 25 ಮಿ.ಮೀ. ಉದ್ದ. 5×5 ಮಿ.ಮೀ. ಚಿಪ್ ಅದರ ಕೆಳಮುಖದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಕ್ಷೇತ್ರ ಕೊಳವೆಯ ಅಕ್ಷದಗುಂಟ ಇರುವುದರಿಂದ ಅದು ಪೊರೆಗೆ ಲಂಬ, ಅಂದರೆ ಹರಳಿನ ಸಿ ಅಕ್ಷಕ್ಕೆ (ತಾಮ್ರ-ಆಮ್ಲಜನಕದ ಪದರಗಳಿಗೆ ಲಂಬವಾದ ದಿಕ್ಕು) ಸಮಾಂತರ. ಅಂಟಿಗೆ ಏಪೀಜಾನ್ ಎನ್ ಗ್ರೀಸಿನ ತೆಳು ಲೇಪ ಸಾಕು.

ತಾಪ ಅಳೆಯಲು ಪಿಟಿ-100 ಪ್ಲಾಟಿನಮ್ ಸೆನ್ಸರ್, ಪೊರೆಯಿಂದ 3 ಮಿ.ಮೀ. ಒಳಗೆ ಕೊರೆದ ತೂತಿನಲ್ಲಿ, ಗ್ರೀಸ್ ತುಂಬಿ. 77 ಕೆಲ್ವಿನ್ ಬಳಿ ಅದರ ರೋಧ 20 ಓಮ್‌ಗಿಂತ ತುಸು ಹೆಚ್ಚು, ಬದಲಾವಣೆ ಕೆಲ್ವಿನ್‌ಗೆ 0.43 ಓಮ್. ಈ ಕ್ಷೇತ್ರದಲ್ಲಿ, ಈ ತಾಪದಲ್ಲಿ ಪ್ಲಾಟಿನಮ್ಮಿನ ಕಾಂತರೋಧ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಆದರೆ ಸೆನ್ಸರಿನ ಕಾಲುಗಳನ್ನು ಒಂದು ಚಿಕ್ಕ ಅಯಸ್ಕಾಂತದಿಂದ ಮುಟ್ಟಿ ನೋಡುವುದು ಒಳ್ಳೆಯದು, ನಿಕಲ್ ಕಾಲುಗಳಿರುವ ಸೆನ್ಸರುಗಳೂ ಉಂಟು. ಹೀಟರಿಗೆ ಮ್ಯಾಂಗನಿನ್ ತಂತಿ, 50 ಓಮ್, ಮಡಚಿ ಜೋಡಿಯಾಗಿ ಸುತ್ತಿದ್ದು. ಒಂಟಿಯಾಗಿ ಸುತ್ತಿದರೆ ಅದೇ ಇನ್ನೊಂದು ಕಾಯಿಲ್ ಆಗಿಬಿಡುತ್ತದೆ.

ಕೊಳವೆಯನ್ನು ಮೂರು ಸಲ ಪಂಪ್ ಮಾಡಿ ಹೀಲಿಯಮ್ ತುಂಬಬೇಕು. ಸಾರಜನಕ ಅನಿಲ ತುಂಬಿದರೆ ಅದು ತಣ್ಣನೆಯ ಗೋಡೆಗೆ ಕವಿದು ದ್ರವವಾಗಿ ತೊಟ್ಟಿಕ್ಕುತ್ತದೆ, ಗಟ್ಟಿಯ ತಾಪ ಕುಣಿಯುತ್ತದೆ. ಹೀಲಿಯಮ್ಮಿನಲ್ಲಿ 2 ಮಿ.ಮೀ. ಸಂದಿನ ಮೂಲಕ 92 ಕೆಲ್ವಿನ್‌ನಲ್ಲಿ ಅರ್ಧ ವ್ಯಾಟಿನಷ್ಟು ಶಾಖ ಹೊರಗೆ ಹೋಗುತ್ತದೆ. ಹೀಟರಿಗೆ 100 ಮಿಲಿಆಂಪಿಯರ್ ಕೊಟ್ಟರೆ ಸರಿದೂಗುತ್ತದೆ. ಕೊಳವೆಯ ತಲೆಗೆ ರಿಲೀಫ್ ವಾಲ್ವ್ ಕಡ್ಡಾಯ.

ಪೊರೆ

ಸ್ಟ್ರಾಂಷಿಯಮ್ ಟೈಟನೇಟ್ ಅಥವಾ ಲ್ಯಾಂಥನಮ್ ಅಲ್ಯೂಮಿನೇಟ್ ಮೇಲೆ ಲೇಸರ್ ಪಲ್ಸ್‌ನಿಂದ ಬೆಳೆಸಿದ, ಸಿ ಅಕ್ಷ ನೆಟ್ಟಗಿರುವ ಪೊರೆ. ಅತಿವಾಹಕ ಟೇಪಿನ ತುಂಡೂ ಆಗುತ್ತದೆ. ಆದರೆ ಅದರ ಮೇಲಿನ ತಾಮ್ರ, ಬೆಳ್ಳಿಗಳನ್ನು ಕಳೆಯದಿದ್ದರೆ ಬಾಲದ ಜಾಗದಲ್ಲಿ ಕರೆಂಟ್ ಬೆಳ್ಳಿಯಲ್ಲಿ ಅಡ್ಡದಾರಿ ಹಿಡಿಯುತ್ತದೆ, ಅಳತೆ ದಾರಿ ತಪ್ಪುತ್ತದೆ.

ಫೋಟೋರೆಸಿಸ್ಟ್ (ಬೆಳಕಿಗೆ ಸ್ಪಂದಿಸುವ ರಕ್ಷಣಾ ಲೇಪ) ಹಾಕಿ 20 ಮೈಕ್ರಾನ್ ಅಗಲದ ಬ್ರಿಡ್ಜ್ (ಕಿರಿದಾದ ಪಟ್ಟಿ) ಕೊರೆಯಬೇಕು, ವೋಲ್ಟೇಜ್ ಕವಲುಗಳ ನಡುವೆ 500 ಮೈಕ್ರಾನ್. ಬ್ರಿಡ್ಜ್ ಯಾಕೆ, ಇಡೀ ಪೊರೆಗೇ ನಾಲ್ಕು ತಂತಿ ಅಂಟಿಸಿದರಾಗದೇ ಎಂದರೆ: 77 ಕೆಲ್ವಿನ್‌ನಲ್ಲಿ ಒಳ್ಳೆಯ ಪೊರೆ ಚದರ ಸೆಂಟಿಮೀಟರಿಗೆ 20 ಲಕ್ಷ ಆಂಪಿಯರ್ ಹೊರುತ್ತದೆ. 5 ಮಿ.ಮೀ. ಅಗಲಕ್ಕೆ ಅದು 20 ಆಂಪಿಯರ್, ಸಂಪರ್ಕಗಳೇ ಸುಟ್ಟುಹೋಗುತ್ತವೆ. 20 ಮೈಕ್ರಾನ್ ಬ್ರಿಡ್ಜಿಗೆ ಬರೀ 80 ಮಿಲಿಆಂಪಿಯರ್. 100 ಕೆಲ್ವಿನ್‌ನಲ್ಲಿ ಇದರ ರೋಧ ಸುಮಾರು 100 ಓಮ್ ಬರಬೇಕು.

ಎಚಿಂಗ್‌ಗೆ (ಬೇಡದ ಪೊರೆಯನ್ನು ಕರಗಿಸಿ ತೆಗೆಯಲು) 1 ಶೇಕಡಾ ಫಾಸ್ಫಾರಿಕ್ ಆಮ್ಲ. ಕಂದುಗಪ್ಪು ಮಾಯವಾಗಿ ತಳ ತಿಳಿಯಾದ ಕ್ಷಣವೇ ತೆಗೆಯಬೇಕು. ತಡವಾದರೆ ರೆಸಿಸ್ಟಿನ ಕೆಳಗೂ ತಿಂದು ಬ್ರಿಡ್ಜ್ ಸಣ್ಣದಾಗುತ್ತದೆ, ಆದ್ದರಿಂದ ಅಗಲವನ್ನು ಕೊನೆಗೆ ಮೈಕ್ರೋಸ್ಕೋಪಿನಲ್ಲಿ ಅಳೆದೇ ಬರೆದುಕೊಳ್ಳಿ, ಮಾಸ್ಕಿನ ಅಂಕಿಯನ್ನು ನಂಬಬೇಡಿ. ನೀರು ಈ ವಸ್ತುವಿಗೆ ಶತ್ರು. ತೊಳೆದ ಮೇಲೆ ತಕ್ಷಣ ಐಸೊಪ್ರೊಪೈಲ್ ಆಲ್ಕೊಹಾಲ್, ಆಮೇಲೆ ಒಣ ಸಾರಜನಕದ ಊದು. ಸಂಪರ್ಕಗಳಿಗೆ 200 ನ್ಯಾನೊಮೀಟರ್ ಬೆಳ್ಳಿ ಅಥವಾ ಚಿನ್ನ, ಬಳಿಕ ಆಮ್ಲಜನಕದಲ್ಲಿ 450 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆ, ನಿಧಾನ ತಣಿಸುವಿಕೆ. ಇದನ್ನು ಬ್ರಿಡ್ಜ್ ಕೊರೆಯುವ ಮೊದಲೇ ಮುಗಿಸಿಕೊಳ್ಳಿ. ಬರಿಯ ಸಿಲ್ವರ್ ಪೇಂಟ್ ಹಚ್ಚಿದರೆ ಸಂಪರ್ಕದ ರೋಧ ಹತ್ತಾರು ಓಮ್ ಬಂದು, ಅಲ್ಲಿ ಹುಟ್ಟುವ ಶಾಖ ಬ್ರಿಡ್ಜಿಗೆ ಹರಿದು, ಕ್ರಿಟಿಕಲ್ ಕರೆಂಟ್ ಕಡಿಮೆ ಇರುವಂತೆ ಕಾಣುತ್ತದೆ.

ತಂತಿಗಳು

ಕರೆಂಟಿಗೆ 0.2 ಮಿ.ಮೀ. ಎನಾಮೆಲ್ ತಾಮ್ರ. ಕ್ರಯೋಜೆನಿಕ್ ಕೆಲಸದಲ್ಲಿ ವಾಡಿಕೆಯ ಸಣ್ಣ ಫಾಸ್ಫರ್ ಬ್ರಾಂಜ್ ತಂತಿ ಇಲ್ಲಿ ಬೇಡ. ಮೀಟರಿಗೆ 10 ಓಮ್ ಇರುವ ತಂತಿಯಲ್ಲಿ 80 ಮಿಲಿಆಂಪಿಯರ್ ಹರಿಸಿದರೆ ಒಂದು ವೋಲ್ಟಿಗೂ ಹೆಚ್ಚು ತಂತಿಯಲ್ಲೇ ಕಳೆಯುತ್ತದೆ, ಬ್ರಿಡ್ಜನ್ನು ಕಾಯುವ ವೋಲ್ಟೇಜ್ ಮಿತಿ ಇಡಲು ಆಗುವುದಿಲ್ಲ. ವೋಲ್ಟೇಜಿಗೆ 0.1 ಮಿ.ಮೀ. ತಾಮ್ರದ ಜೋಡಿ, ಬಿಗಿಯಾಗಿ ಹೊಸೆದದ್ದು, ಚಿಪ್ಪಿನಿಂದ ಮೇಲಿನ ಟರ್ಮಿನಲ್‌ವರೆಗೆ ಎಲ್ಲೂ ತುಂಡಾಗದೆ. ನಡುವೆ ಒಂದು ಬೆಸುಗೆ ಬಂದರೂ ಅದೊಂದು ಥರ್ಮೋಕಪಲ್. ಚಿಪ್ಪಿನ ಮೇಲೆ ಹೊಸೆತ ಬಿಚ್ಚುವ ಜಾಗದಲ್ಲಿ ತೆರೆದ ಕುಣಿಕೆ 1 ಚದರ ಮಿ.ಮೀ.ಗಿಂತ ದೊಡ್ಡದಾಗಬಾರದು. ಕ್ಷೇತ್ರ ಸೆಕೆಂಡಿಗೆ 10 ಮಿಲಿಟೆಸ್ಲಾದಂತೆ ಏರುವಾಗ ಅಷ್ಟು ಕುಣಿಕೆಯೇ 10 ನ್ಯಾನೊವೋಲ್ಟ್ ಕೊಡುತ್ತದೆ, ನಾವು ಹುಡುಕುತ್ತಿರುವುದು 50 ನ್ಯಾನೊವೋಲ್ಟ್. ಎಲ್ಲ ತಂತಿಗಳನ್ನೂ ತಾಮ್ರದ ಗಟ್ಟಿಗೆ ನಾಲ್ಕಾರು ಸುತ್ತು ಸುತ್ತಿ ವಾರ್ನಿಷ್ ಹಾಕಿ. ಹಾಗೆ ಮಾಡದಿದ್ದರೆ ತಂತಿಯಿಂದ ಇಳಿಯುವ ಶಾಖ ನೇರ ಪೊರೆಗೇ ಹೋಗುತ್ತದೆ.

ರೋಧ ಮತ್ತು ತಾಪ: ಅಳತೆ

10 ಮೈಕ್ರೊಆಂಪಿಯರ್, ದಿಕ್ಕು ತಿರುಗಿಸುತ್ತಾ. ಕೀತ್ಲಿ 6221 ಕರೆಂಟ್ ಸೋರ್ಸ್ ಮತ್ತು 2182ಎ ನ್ಯಾನೊವೋಲ್ಟ್‌ಮೀಟರ್ ಜೋಡಿಯ ಡೆಲ್ಟಾ ಮೋಡ್ ಇದಕ್ಕೆಂದೇ ಇದೆ. ಲಾಕ್-ಇನ್ ಆಂಪ್ಲಿಫೈಯರ್ (ಒಂದೇ ಆವರ್ತನದ ಸಿಗ್ನಲನ್ನು ಹೆಕ್ಕುವ ಮೀಟರ್) ಇದ್ದರೆ 17 ಹರ್ಟ್ಸ್ ಸುತ್ತಮುತ್ತ, ಮೇನ್ಸ್ ಆವರ್ತನದ ಗುಣಕಗಳನ್ನು ತಪ್ಪಿಸಿ. ಥರ್ಮಲ್ ವೋಲ್ಟೇಜ್ ಕರೆಂಟಿನ ದಿಕ್ಕಿಗೆ ಬಗ್ಗುವುದಿಲ್ಲವಾದ್ದರಿಂದ ವ್ಯತ್ಯಾಸದಲ್ಲಿ ಅಳಿಸಿಹೋಗುತ್ತದೆ. 5 ನ್ಯಾನೊವೋಲ್ಟ್ ತನಕ ಇಳಿದರೆ ಅರ್ಧ ಮಿಲಿಓಮ್, ಅಂದರೆ 100 ಓಮ್‌ನಿಂದ ಐದು ದಶಕ ಕೆಳಗೆ.

100 ಕೆಲ್ವಿನ್‌ನಲ್ಲಿ ಕ್ಷೇತ್ರ ಏರಿಸಿ, ಕ್ಷೇತ್ರದಲ್ಲೇ ತಣಿಸಿ, ನಿಮಿಷಕ್ಕೆ 0.2 ಕೆಲ್ವಿನ್‌ನಂತೆ ಇಳಿಯಿರಿ, ಅದೇ ವೇಗದಲ್ಲಿ ಮೇಲೆ ಬನ್ನಿ. ಇಳಿದ ರೇಖೆ, ಏರಿದ ರೇಖೆ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಸೆನ್ಸರೂ ಪೊರೆಯೂ ಒಂದೇ ತಾಪದಲ್ಲಿಲ್ಲ, ಗ್ರೀಸ್ ಒಡೆದಿದೆ ಅಥವಾ ವೇಗ ಹೆಚ್ಚಾಗಿದೆ. ಇದು ಚಿಲ್ಲರೆ ಮಾತಲ್ಲ. ಬಾಲದಲ್ಲಿ ರೋಧ ತಾಪದೊಂದಿಗೆ ಘಾತೀಯವಾಗಿ ಬೀಳುತ್ತದೆ. ಸುಳಿಯ ತಡೆಗೋಡೆ (ಗೂಟ ಕಿತ್ತು ಹಾರಲು ಬೇಕಾದ ಶಕ್ತಿ, ತಾಪದ ಅಳತೆಯಲ್ಲಿ) 30,000 ಕೆಲ್ವಿನ್ ಎಂದಿಟ್ಟುಕೊಂಡರೆ 88 ಕೆಲ್ವಿನ್‌ನಲ್ಲಿ 0.1 ಕೆಲ್ವಿನ್ ತಪ್ಪಿಗೆ ರೋಧ 40 ರಿಂದ 50 ಶೇಕಡಾ ತಪ್ಪಾಗುತ್ತದೆ.

ಸಿಗಬೇಕಾದ ಚಿತ್ರ: ಸೊನ್ನೆ ಕ್ಷೇತ್ರದಲ್ಲಿ 90 ಕೆಲ್ವಿನ್ ಆಸುಪಾಸು, ಒಂದು ಕೆಲ್ವಿನ್‌ಗಿಂತ ಕಿರಿದಾದ ಬೀಳು. 0.3 ಟೆಸ್ಲಾದಲ್ಲಿ ನೆತ್ತಿ ಅಲ್ಲೇ, ಬಾಲ 2 ಕೆಲ್ವಿನ್‌ನಷ್ಟು ಎಡಕ್ಕೆ. 0.05, 0.1, 0.2, 0.3ರ ರೇಖೆಗಳನ್ನು ಒಟ್ಟಿಗೆ ಹಾಕಿದರೆ ಬೀಸಣಿಗೆ ಬಿಚ್ಚಿದ ಹಾಗಿರುತ್ತದೆ. ಬಾಲದ ತುದಿಗೆ ಒಂದು ಮಾನದಂಡ ಇಟ್ಟುಕೊಳ್ಳಿ, ರೋಧ 10 ಮಿಲಿಓಮ್ ಆದ ತಾಪ ಎಂದು. ಆ ತಾಪದ ಇಳಿಕೆ ಕ್ಷೇತ್ರದ ಮೂರನೇ ಎರಡು ಘಾತಕ್ಕೆ ಅನುಪಾತದಲ್ಲಿರಬೇಕು. ಭೌತವಿಜ್ಞಾನಿ ಟಿಂಕಮ್ 1988ರಲ್ಲಿ ಕೊಟ್ಟ ಈ ನಿಯಮ ಈ ಕಿರುಕ್ಷೇತ್ರಗಳಲ್ಲೂ ಚೆನ್ನಾಗಿ ಕಾಣುತ್ತದೆ. ರೋಧದ ಲಾಗರಿದಮ್ಮನ್ನು ತಾಪದ ವಿಲೋಮಕ್ಕೆ ಎದುರಾಗಿ ಹಾಕಿದರೆ ಬಾಲ ನೇರಗೆರೆಯಾಗುತ್ತದೆ, ಇಳಿಜಾರೇ ತಡೆಗೋಡೆ. ಕ್ಷೇತ್ರ ಹೆಚ್ಚಿದಷ್ಟೂ ಇಳಿಜಾರು ತಗ್ಗಬೇಕು.

ಬಾಲ ನಿಜವೋ ಸುಳ್ಳೋ ಎಂಬುದಕ್ಕೆ ಒಂದು ಪರೀಕ್ಷೆ: ಅದೇ ರೇಖೆಯನ್ನು 100 ಮೈಕ್ರೊಆಂಪಿಯರ್‌ನಲ್ಲಿ ಮತ್ತೆ ತೆಗೆಯಿರಿ. 100 ಓಮ್‌ನಲ್ಲೂ ಅದು ಒಂದು ಮೈಕ್ರೊವ್ಯಾಟ್ ಮಾತ್ರ, ಪೊರೆ ಕಾಯುವುದಿಲ್ಲ. ಎರಡೂ ಒಂದಾದರೆ ಸುಳಿಗಳು ಶಾಖದ ಬಲದಿಂದ ಹಾರುತ್ತಿವೆ, ರೋಧ ಓಮ್ ನಿಯಮದಂತಿದೆ. ತೀರ ತುದಿಯಲ್ಲಿ ಮಾತ್ರ ಬೇರೆಯಾದರೆ ಸುಳಿಗಳು ಹೆಪ್ಪುಗಟ್ಟಿ ಗಾಜಿನಂತಾಗುತ್ತಿವೆ, ಅದೂ ನಿಜವೇ. ನೆತ್ತಿಯಿಂದಲೇ ಬೇರೆಯಾದರೆ ಸಂಪರ್ಕ ಅಥವಾ ಮೀಟರಿನ ರೇಂಜ್ ನೋಡಿ.

ಸೊನ್ನೆ ಕ್ಷೇತ್ರದಲ್ಲೇ ರೇಖೆಯಲ್ಲಿ ಮೆಟ್ಟಿಲು ಕಂಡರೆ ಕ್ಷೇತ್ರವನ್ನು ದೂರಬೇಡಿ, ಬ್ರಿಡ್ಜಿನ ಒಂದು ಭಾಗ ಆಮ್ಲಜನಕ ಕಳೆದುಕೊಂಡಿದೆ. ರೆಸಿಸ್ಟನ್ನು ಮಿತಿಮೀರಿ ಬೇಯಿಸಿದ್ದು, ಆಮ್ಲದ ಬದಲು ಅಯಾನುಗಳಿಂದ ಕೊರೆಯುವ ಅಯಾನ್ ಮಿಲ್ಲಿಂಗ್‌ನಲ್ಲಿ ಚಿಪ್ ಕಾದದ್ದು ಸಾಮಾನ್ಯ ಕಾರಣಗಳು. ಕ್ಷೇತ್ರದ ದಿಕ್ಕು ಬದಲಿಸಿದಾಗ ರೋಧ ಬದಲಾದರೆ ವೋಲ್ಟೇಜ್ ಕವಲುಗಳು ಎದುರುಬದುರಾಗಿಲ್ಲ, ಹಾಲ್ ವೋಲ್ಟೇಜ್ (ಕ್ಷೇತ್ರದಿಂದಾಗಿ ಕರೆಂಟಿಗೆ ಅಡ್ಡವಾಗಿ ಹುಟ್ಟುವ ವೋಲ್ಟೇಜ್) ಬೆರೆತಿದೆ. ಎರಡೂ ದಿಕ್ಕಿನ ಸರಾಸರಿ ತೆಗೆದರೆ ಅದು ಹೋಗುತ್ತದೆ. ಅಂದಹಾಗೆ, ಆ ಬೆರೆತ ಭಾಗವನ್ನು ಎಸೆಯುವ ಮುನ್ನ ಒಮ್ಮೆ ನೋಡಿ: ವೈಬಿಸಿಒದಲ್ಲಿ ಸಂಕ್ರಮಣದ ತುಸು ಕೆಳಗೆ ಹಾಲ್ ವೋಲ್ಟೇಜಿನ ಚಿಹ್ನೆಯೇ ತಿರುವುಮುರುವಾಗುತ್ತದೆ.

ಕ್ರಿಟಿಕಲ್ ಕರೆಂಟ್

ಇದಕ್ಕೆ ಒಳಕೊಳವೆ ತೆಗೆದು, ಗಟ್ಟಿಯನ್ನು ತೆರೆದ ಪಂಜರದಲ್ಲಿ ನೇರವಾಗಿ ದ್ರವದಲ್ಲಿ ಮುಳುಗಿಸುವುದು ಮೇಲು. ತೊಟ್ಟಿಯ ತಾಪ 77.36 ಎಂದು ಕಣ್ಣುಮುಚ್ಚಿ ಬರೆಯಬೇಡಿ, ಅದು ಸಮುದ್ರಮಟ್ಟದ ಮಾತು. ಒತ್ತಡ ಒಂದು ಕಿಲೋಪಾಸ್ಕಲ್ ಇಳಿದರೆ ಕುದಿಯುವ ತಾಪ ಸುಮಾರು 0.08 ಕೆಲ್ವಿನ್ ಇಳಿಯುತ್ತದೆ.

ಮಾನದಂಡ ಸೆಂಟಿಮೀಟರಿಗೆ 1 ಮೈಕ್ರೊವೋಲ್ಟ್. 500 ಮೈಕ್ರಾನ್‌ಗೆ ಅದು 50 ನ್ಯಾನೊವೋಲ್ಟ್. 0.3 ಟೆಸ್ಲಾದಲ್ಲಿ ಇದರರ್ಥ ಸುಳಿಗಳು ಸೆಕೆಂಡಿಗೆ ಮಿಲಿಮೀಟರಿನ ಮೂರನೇ ಒಂದು ಭಾಗ ಸರಿಯುತ್ತಿವೆ. ಕರೆಂಟ್ ಸೋರ್ಸಿನ ವೋಲ್ಟೇಜ್ ಮಿತಿ 0.5 ವೋಲ್ಟ್. ಮಿತಿ ಇಲ್ಲದೆ 80 ಮಿಲಿಆಂಪಿಯರ್‌ನಲ್ಲಿ ಬ್ರಿಡ್ಜ್ ಸಾಮಾನ್ಯ ಸ್ಥಿತಿಗೆ ಜಾರಿದರೆ 8 ವೋಲ್ಟ್, 0.64 ವ್ಯಾಟ್, ಕೂದಲೆಳೆಗಿಂತ ಸಣ್ಣ ಪಟ್ಟಿಯಲ್ಲಿ. ಮೈಕ್ರೋಸ್ಕೋಪಿನಲ್ಲಿ ಆಮೇಲೆ ಕಾಣುವುದು ಒಂದು ಕರಗಿದ ಗುಳಿ. 0.5 ವೋಲ್ಟ್ ಮಿತಿಯಿದ್ದರೆ 2.5 ಮಿಲಿವ್ಯಾಟ್ ದಾಟುವುದಿಲ್ಲ. ಕರೆಂಟನ್ನು ಎರಡು ಬೇರೆ ವೇಗದಲ್ಲಿ ಏರಿಸಿ ನೋಡಿ. ನಿಧಾನವಾಗಿ ಏರಿಸಿದಾಗ ಉತ್ತರ ಕಡಿಮೆ ಬಂದರೆ ಸಂಪರ್ಕಗಳು ಕಾಯುತ್ತಿವೆ, 10 ಮಿಲಿಸೆಕೆಂಡ್ ಪಲ್ಸಿಗೆ ಹೋಗಬೇಕು.

ಸೊನ್ನೆ ಕ್ಷೇತ್ರ ಎಂದರೂ ಪೂರ್ತಿ ಸೊನ್ನೆಯಲ್ಲ. 80 ಮಿಲಿಆಂಪಿಯರ್ ತಾನೇ ಬ್ರಿಡ್ಜಿನ ಅಂಚಿನಲ್ಲಿ ಎರಡು ಮೂರು ಮಿಲಿಟೆಸ್ಲಾ ಕಟ್ಟುತ್ತದೆ. ಹಾಗಾಗಿ ಅದಕ್ಕಿಂತ ಕೆಳಗೆ ರೇಖೆ ಸಪಾಟಾಗಿರುವುದು ಸಹಜ. ಅಲ್ಲಿಂದ ಮೇಲೆ ಕ್ರಿಟಿಕಲ್ ಕರೆಂಟ್ ಮೊದಲು ನಿಧಾನವಾಗಿ, ಹತ್ತಾರು ಮಿಲಿಟೆಸ್ಲಾ ದಾಟಿದ ಮೇಲೆ ಹೆಚ್ಚುಕಡಿಮೆ ಕ್ಷೇತ್ರದ ವರ್ಗಮೂಲಕ್ಕೆ ವಿಲೋಮವಾಗಿ ಇಳಿದು, 0.3 ಟೆಸ್ಲಾದಲ್ಲಿ ಮೂರನೇ ಒಂದು ಭಾಗದ ಆಸುಪಾಸಿಗೆ ಬರುತ್ತದೆ. ಬೇರಿಯಮ್ ಜಿರ್ಕೊನೇಟ್ ನ್ಯಾನೊಕಡ್ಡಿಗಳನ್ನು ಬೆರೆಸಿ ಬೆಳೆಸಿದ ಪೊರೆಗಳಲ್ಲಿ ಗೂಟಗಳು ಹೆಚ್ಚಿರುವುದರಿಂದ ಇಳಿತ ಇಷ್ಟು ಕಡಿದಾಗಿರುವುದಿಲ್ಲ. ಬದಲಿಗೆ 10 ಮಿಲಿಟೆಸ್ಲಾದಲ್ಲೇ ಹತ್ತುಪಟ್ಟು ಕುಸಿದರೆ ಅದು ಸುಳಿಗಳ ಕೆಲಸವೇ ಅಲ್ಲ. ಪೊರೆಯ ಕಣಗಳು ಒಂದಕ್ಕೊಂದು ಓರೆಯಾಗಿ ಬೆಳೆದಿವೆ, ಅವುಗಳ ಗಡಿಗಳು ದುರ್ಬಲ ಕೊಂಡಿಗಳಾಗಿವೆ. ಆ ಪೊರೆಯನ್ನು ಬದಿಗಿಡುವುದೇ ಸರಿ.

ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಬೇರೆ ಬೇರೆ ಉತ್ತರ ಬರುತ್ತದೆ. ಸಿಕ್ಕಿಬಿದ್ದ ಸುಳಿಗಳು ಹೊರಗೆ ಹೋಗದೆ ಉಳಿಯುವುದೇ ಕಾರಣ. ಪೊರೆಯನ್ನು 95 ಕೆಲ್ವಿನ್ ಮೇಲಕ್ಕೆ ಕಾಯಿಸಿ, ಸೊನ್ನೆ ಕ್ಷೇತ್ರದಲ್ಲಿ ತಣಿಸಿ, ಏರುವ ದಿಕ್ಕಿನಲ್ಲೇ ಅಳೆಯುವುದು ಶಿಸ್ತು. ಕೆಲಸ ಮುಗಿದ ಮೇಲೆ ಪ್ರೋಬನ್ನು ಒದ್ದೆ ಗಾಳಿಗೆ ಎತ್ತಬೇಡಿ, ಒಣ ಸಾರಜನಕದ ಹರಿವಿನಲ್ಲೇ ಕೋಣೆಯ ತಾಪಕ್ಕೆ ತನ್ನಿ. ಬ್ರಿಡ್ಜಿನ ಅಂಚು ಹಾಳಾಗುವುದು ಬಹುತೇಕ ಈ ಹತ್ತು ನಿಮಿಷದಲ್ಲಿ.

ಕ್ಷೇತ್ರ ಪೊರೆಗೆ ಸಮಾಂತರ

ಇದಕ್ಕೆ ಇನ್ನೊಂದು ಗಟ್ಟಿ ಬೇಕು, ಅರ್ಧ ಸೀಳಿ ಚಪ್ಪಟೆ ಮಾಡಿದ್ದು. ಚಿಪ್ ಆ ಚಪ್ಪಟೆಯ ಮೇಲೆ ನಿಲ್ಲುತ್ತದೆ. ಬ್ರಿಡ್ಜ್ ಅಕ್ಷಕ್ಕೆ ಅಡ್ಡವಾಗಿರಬೇಕು. ಉದ್ದಕ್ಕೆ ಇಟ್ಟರೆ ಕರೆಂಟ್ ಕ್ಷೇತ್ರದಗುಂಟ ಹರಿದು ಲೊರೆಂಟ್ಸ್ ಬಲವೇ ಇರುವುದಿಲ್ಲ, ಹೋಲಿಕೆ ಅರ್ಥಹೀನ. ವೈಬಿಸಿಒದ ಅಸಮದಿಕ್ಕಿನ ಅನುಪಾತ (ಲಂಬಕ್ಕೆ ಹೋಲಿಸಿದರೆ ಸಮಾಂತರ ಕ್ಷೇತ್ರವನ್ನು ಎಷ್ಟು ಪಟ್ಟು ಹೆಚ್ಚು ತಡೆದುಕೊಳ್ಳುತ್ತದೆ ಎಂಬುದು) 5ರಿಂದ 7. 6 ಎಂದುಕೊಂಡರೆ ಸಮಾಂತರದ 0.3 ಟೆಸ್ಲಾ ಲಂಬದ 0.05 ಟೆಸ್ಲಾದಷ್ಟೇ ಕೆಲಸ ಮಾಡುತ್ತದೆ, ಬಾಲ ಅರ್ಧ ಕೆಲ್ವಿನ್ ಸುಮಾರಿಗೆ ನಿಲ್ಲುತ್ತದೆ. ಚಿಪ್ 2 ಡಿಗ್ರಿ ಓರೆ ಕೂತರೂ ಈ ಲೆಕ್ಕ ಬದಲಾಗುವುದು ಸುಮಾರು 2 ಶೇಕಡಾ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದೇ ಗಟ್ಟಿಗೆ ಬಿಸ್ಮತ್ ಕುಟುಂಬದ ಪೊರೆ ಕೂರಿಸುವುದಾದರೆ ಮಾತು ಬೇರೆ. ಅಲ್ಲಿ ಅನುಪಾತ 50ಕ್ಕೂ ಮೇಲೆ ಹೋಗುತ್ತದೆ, ಆ 2 ಡಿಗ್ರಿಯಿಂದ ಬರುವ 10 ಮಿಲಿಟೆಸ್ಲಾ ಲಂಬಭಾಗವೇ ಇಡೀ ಬಾಲವನ್ನು ಬರೆಯುತ್ತದೆ. ಆಗ ಗಟ್ಟಿಯ ಕೆಳಗೆ ಕೋನ ತಿದ್ದುವ ತಿರುಪು ಇಟ್ಟು, ರೋಧ ಕನಿಷ್ಠವಾಗುವ ಕೋನವನ್ನು ಹುಡುಕಿಯೇ ಅಳತೆ ಶುರು ಮಾಡಬೇಕಾಗುತ್ತದೆ.